ಗೋಡು ಸುರಿಯುವ ಮುನ್ನ

(ಮಂಡ್ಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ, ಏಕೆಂದರೆ ಮಾತಿನ ದಾರಿ ತಿರುಗಿದ್ದು ಅವುಗಳಿಂದಲೇ.)

ಎಲ್ಲರಿಗೂ ನಮಸ್ಕಾರ. ಸಮುದ್ರದ ವಿಷಯ ಮಾತಾಡಲು ಕಬ್ಬಿನ ಸೀಮೆಗೆ ಬಂದವಳನ್ನು ನೋಡಿ ನಿಮಗೆ ಸ್ವಲ್ಪ ಅನುಮಾನ ಬಂದಿದ್ದರೆ ತಪ್ಪಿಲ್ಲ. ನಮ್ಮ ಕಾವೇರಿ ಪೂರ್ವಕ್ಕೆ ಹರಿದು ಪೂಂಪುಹಾರಿನ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತಾಳೆ. ನಾನು ಹೇಳಹೊರಟಿರುವುದು ಪಡುವಣ ಕಡಲು. ಘಟ್ಟದ ನೆತ್ತಿಯ ಮೇಲೆ ಬಿದ್ದ ಮಳೆಯಲ್ಲಿ ಒಂದು ಹನಿ ಹೇಮಾವತಿಗೆ ಇಳಿದು ಕೆಆರ್‌ಎಸ್‌ಗೆ ಬಂದರೆ, ಆಚೆ ಮಗ್ಗುಲಿಗೆ ಬಿದ್ದದ್ದು ನೇತ್ರಾವತಿ ಹಿಡಿದು ಮಂಗಳೂರಿಗೆ ಹೋಗುತ್ತದೆ. ಆ ಎರಡನೇ ಹನಿಯ ಹಿಂದೆ ಹೋದವಳು ನಾನು. ಹುಟ್ಟಿದ್ದು ಪಾಂಡವಪುರದ ಕಡೆ ಒಂದು ಹಳ್ಳಿ. ಓದಿದ್ದು ಮಾನಸಗಂಗೋತ್ರಿಯಲ್ಲಿ ಸಸ್ಯಶಾಸ್ತ್ರ. ಅನ್ನ ಕೊಟ್ಟಿದ್ದು ಕರಾವಳಿ.

ನನ್ನ ಕೆಲಸ ಏನು ಅಂತ ಊರಿನಲ್ಲಿ ಕೇಳಿದರೆ ನಮ್ಮಮ್ಮ "ಸಮುದ್ರದ ಪಾಚಿ ಎಣಿಸ್ತಾಳೆ" ಅಂತ ಹೇಳಿಬಿಡುತ್ತಿದ್ದರು. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ. ಬಂದರಿನಲ್ಲಿ ಹೂಳು, ನಮ್ಮ ಕಡೆ ಗೋಡು ಅನ್ನುತ್ತೇವಲ್ಲ ಅದು, ತುಂಬುತ್ತದೆ, ಹಡಗು ಒಳಗೆ ಬರಬೇಕಾದರೆ ಅದನ್ನು ತೆಗೆಯಬೇಕು, ತೆಗೆದದ್ದನ್ನು ಎಲ್ಲಾದರೂ ಹಾಕಬೇಕು. ಸಾಮಾನ್ಯವಾಗಿ ದಡದಿಂದ ಕೆಲವು ಕಿಲೋಮೀಟರ್ ಆಚೆ, ಸಮುದ್ರದಲ್ಲೇ ಒಂದು ಜಾಗ ಗೊತ್ತು ಮಾಡಿ ಸುರಿಯುತ್ತಾರೆ. ಸುರಿಯುವ ಮುಂಚೆ ಆ ನೀರಿನಲ್ಲಿ ಏನೇನು ಜೀವ ಇದೆ, ಎಷ್ಟಿದೆ ಅಂತ ಬರೆದಿಡಬೇಕು. ಆ ವರದಿಯಲ್ಲಿ ಫೈಟೋಪ್ಲಾಂಕ್ಟನ್ ಅಂತ ಒಂದು ಟೇಬಲ್ ಇರುತ್ತದಲ್ಲ, ಅದನ್ನು ತುಂಬುವವಳು ನಾನು.

ಇಷ್ಟು ಹೇಳುವಷ್ಟರಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿದರು. ಹೆಗಲ ಮೇಲೆ ಟವೆಲ್, ಮುಖದಲ್ಲಿ ಪೂರ್ತಿ ಗಂಭೀರ.

"ಅಲ್ಲ ಕಣಮ್ಮಾ, ಕೆರೆ ಗೋಡ ಗದ್ದೆಗೆ ಹೊಡುದ್ರೆ ಬೆಳೆ ಚೆಂದಾಗಿ ಬತ್ತದೆ. ಅದೇ ಗೋಡ ಸಮುದ್ರುಕ್ಕೆ ಸುರುದ್ರೆ ಕೆಡೋದೇನು?"

ಸಭೆ ನಕ್ಕಿತು. ನಾನು ನಗಲಿಲ್ಲ. ಹದಿನೈದು ವರ್ಷದಲ್ಲಿ ಎಷ್ಟೋ ಮೀಟಿಂಗುಗಳಲ್ಲಿ ಕೂತಿದ್ದೇನೆ, ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ತಯಾರು ಮಾಡಿಕೊಂಡು ಬಂದಿದ್ದ ಹಾಳೆಗಳನ್ನು ಮಡಿಸಿಟ್ಟು ಅವರ ಪ್ರಶ್ನೆಯನ್ನೇ ಹಿಡಿದೆ.

ಯಜಮಾನರೆ, ನೀವು ಹೇಳಿದ್ದು ಅರ್ಧ ಸರಿ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ನಮ್ಮ ತಾತ ಗಾಡಿ ಕಟ್ಟಿಕೊಂಡು ಗೋಡು ಹೊಡೆಯುತ್ತಿದ್ದರು. ಈಗ ಟ್ರ್ಯಾಕ್ಟರ್ ಬಂದಿದೆ, ಕೆಲಸ ಅದೇ. ಗೋಡಿನಲ್ಲಿ ಸಾರ ಇದೆ. ಬಂದರಿನ ಹೂಳಿನಲ್ಲೂ ಇದೆ. ತಳದಲ್ಲಿ ಗಾಳಿಯಾಡದೆ ಕೊಳೆತ ಕಪ್ಪು ಕೆಸರು ಅದು, ಕೊಳೆತ ಮೊಟ್ಟೆಯ ವಾಸನೆ. ಅದನ್ನು ಕಲಕಿದರೆ ಅಮೋನಿಯಾ ಬಿಡುತ್ತದೆ, ರಂಜಕ ಬಿಡುತ್ತದೆ. ನೀವು ಚೀಲದಲ್ಲಿ ಕೊಂಡು ಹಾಕುವುದು ಇನ್ನೇನು? ಹಾಗಾಗಿ ಸಮುದ್ರಕ್ಕೆ ಗೋಡು ಸುರಿದರೆ ಅಲ್ಲೂ ಬೆಳೆ ಬರುತ್ತದೆ. ಯಾವ ಬೆಳೆ ಅನ್ನುವುದೇ ತಕರಾರು.

ಮೊದಲು ಆ ಬೆಳೆ ಏನೆಂದು ಹೇಳಿಬಿಡುತ್ತೇನೆ. ಫೈಟೋಪ್ಲಾಂಕ್ಟನ್ ಅಂದರೆ ನೀರಿನಲ್ಲಿ ತೇಲಾಡುವ, ಬರಿಗಣ್ಣಿಗೆ ಕಾಣದ ಸಸ್ಯಜೀವಿಗಳು. ಶಾಲೆಯ ಪುಸ್ತಕದಲ್ಲಿ ಸಸ್ಯಪ್ಲವಕ ಅಂತ ಓದಿರುತ್ತೀರಿ. ಪ್ಲಾಂಕ್ಟನ್ ಅನ್ನುವ ಹೆಸರನ್ನು 1887ರಲ್ಲಿ ಹೆನ್ಸೆನ್ ಅನ್ನುವ ಜರ್ಮನ್ ವಿಜ್ಞಾನಿ ಕೊಟ್ಟ. ಗ್ರೀಕಿನಲ್ಲಿ ಅಲೆಮಾರಿ ಅಂತ ಅರ್ಥ. ಮೈಸೂರಿನ ಕುಕ್ಕರಹಳ್ಳಿ ಕೆರೆ ಒಮ್ಮೊಮ್ಮೆ ಹಸಿರು ಬಣ್ಣ ಕಲಸಿದ ಹಾಗೆ ಕಾಣುವುದಿಲ್ಲವೇ, ಅದೂ ಇವರದೇ ಸಿಹಿನೀರಿನ ನೆಂಟರ ಕೆಲಸ. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಪಾಲು ಈ ಕಾಣದ ಜೀವಿಗಳದ್ದು. ಕಾಡು, ತೋಟ, ಕಬ್ಬು, ಭತ್ತ ಎಲ್ಲ ಸೇರಿ ಮಾಡುವುದು ಉಳಿದರ್ಧ.

ಇವುಗಳಲ್ಲಿ ಎರಡು ಮನೆತನ ಗೊತ್ತಿದ್ದರೆ ಇವತ್ತಿಗೆ ಸಾಕು. ಒಂದು ಡಯಾಟಂ. ಇದು ಗಾಜಿನ ಮನೆ ಕಟ್ಟಿಕೊಂಡಿರುತ್ತದೆ. ಉಪಮೆಗೆ ಹೇಳುತ್ತಿಲ್ಲ, ಚಿಪ್ಪು ನಿಜಕ್ಕೂ ಸಿಲಿಕಾದ್ದು. ಡಬ್ಬಿಗೆ ಮುಚ್ಚಳ ಹಾಕಿದ ಹಾಗೆ ಎರಡು ಹೋಳು. ಕಾಸ್ಸಿನೋಡಿಸ್ಕಸ್ ಅಂತ ಒಂದಿದೆ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೇನುತಟ್ಟಿಯನ್ನು ಗುಂಡಗೆ ಕತ್ತರಿಸಿಟ್ಟ ಹಾಗೆ. ಕರಾವಳಿಯವರ ಭೂತಾಯಿ ಮೀನು ಮೇಯುವುದು ಹೆಚ್ಚಾಗಿ ಇಂಥವನ್ನೇ. ಫ್ರಾಜಿಲೇರಿಯಾ ಓಷಿಯಾನಿಕಾ ಅನ್ನುವ ಡಯಾಟಂ ಹೆಚ್ಚಿದಾಗ ಭೂತಾಯಿಯ ಹಿಂಡು ದಡಕ್ಕೆ ಬರುವುದನ್ನು ಮೀನುಗಾರಿಕೆಯ ವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದರು. ಇನ್ನೊಂದು ಮನೆತನ ಡೈನೊಫ್ಲಾಜೆಲೇಟ್. ಇವಕ್ಕೆ ಚಾವಟಿಯಂಥ ಎರಡು ಎಳೆ, ಅದನ್ನು ಬೀಸಿಕೊಂಡು ಈಜುತ್ತವೆ. 2020ರ ನವೆಂಬರಿನಲ್ಲಿ ಉಡುಪಿ ಕಡೆಯ ಬೀಚುಗಳಲ್ಲಿ ಅಲೆ ರಾತ್ರಿ ನೀಲಿಯಾಗಿ ಹೊಳೆಯುತ್ತಿದೆ ಅಂತ ಜನ ಜಾತ್ರೆಯ ಹಾಗೆ ಹೋಗಿ ನೋಡಿದರಲ್ಲ, ಹಾಗೆ ಹೊಳೆಯುವ ನಾಕ್ಟಿಲ್ಯೂಕಾ ಈ ಮನೆತನದ್ದು. ಇದರಲ್ಲೇ ಕೆಲವು ವಿಷದವೂ ಇವೆ.

ಈಗ ಗೋಡಿಗೆ ಬರೋಣ. ಗದ್ದೆಗೆ ಗೋಡು ಹೊಡೆದಾಗ ನಿಮಗೆ ಇನ್ನೊಂದು ಅನುಭವ ಆಗಿರಲೇಬೇಕು. ಆ ವರ್ಷ ಕಳೆ ಜಾಸ್ತಿ. ನೀವು ಬಿತ್ತದೇ ಇದ್ದ ಗಿಡ, ನಿಮ್ಮ ಹೊಲದಲ್ಲಿ ಯಾವತ್ತೂ ಇಲ್ಲದ ಗಿಡ ಏಳುತ್ತದೆ. ಕೆರೆಯ ತಳದಲ್ಲಿ ಬೀಜ ಕೂತಿತ್ತು, ಗೋಡಿನ ಜೊತೆ ಬಂತು. ಸಮುದ್ರದಲ್ಲೂ ಥೇಟ್ ಇದೇ ಕಥೆ. ಡೈನೊಫ್ಲಾಜೆಲೇಟುಗಳಲ್ಲಿ ಕೆಲವು ಕಾಲ ಕೆಟ್ಟಾಗ ಗಟ್ಟಿ ಕವಚದ ಕೋಶವಾಗಿ ಕೆಸರಿಗೆ ಇಳಿದು ಮಲಗುತ್ತವೆ. ಸಿಸ್ಟ್ ಅನ್ನುತ್ತೇವೆ. ನಮ್ಮ ಹಳೇ ಮನೆಗಳಲ್ಲಿ ರಾಗಿ ತುಂಬಿಡುತ್ತಿದ್ದ ಹಗೇವು ನೆನಪಿಸಿಕೊಳ್ಳಿ. ನೆಲದೊಳಗೆ, ಗಾಳಿಯಾಡದೆ, ವರ್ಷಗಟ್ಟಲೆ ಕೆಡದೆ. ಸ್ವೀಡನ್ನಿನ ಒಂದು ಫ್ಯೋರ್ಡ್‌ನ, ಅಂದರೆ ನೆಲದೊಳಗೆ ಚಾಚಿದ ಕಡಲಿನ ತೋಳಿನ, ಕೆಸರಿನಲ್ಲಿ ಸುಮಾರು 100 ವರ್ಷ ಮಲಗಿದ್ದ ಕೋಶಗಳನ್ನು ತೆಗೆದು ಬೆಳಕು, ನೀರು ಕೊಟ್ಟಾಗ ಮೊಳೆತವು ಅಂತ 2011ರಲ್ಲಿ ಪ್ರಕಟವಾಯಿತು. ಬಂದರು ಅಂದರೆ ದೇಶವಿದೇಶದ ಹಡಗು ಬಂದು ನಿಲ್ಲುವ ಜಾಗ. ಹಡಗು ತೂಕಕ್ಕೆಂದು ತುಂಬಿಕೊಂಡ ಬ್ಯಾಲಸ್ಟ್ ನೀರನ್ನು ಬಿಡುವ ಜಾಗ. ಆ ಹಗೇವನ್ನು ಅಗೆದು ಬೇರೆ ಕಡೆ ಸುರಿಯುವ ಮುಂಚೆ ಒಳಗೆ ಏನಿದೆ ಅಂತ ನೋಡಬೇಡವೇ?

ಇದು ಹೆದರಿಸುವ ಮಾತಲ್ಲ. 1983ರಲ್ಲಿ ಮಂಗಳೂರಿನ ಹತ್ತಿರ ಕುಂಬಳೆಯ ಅಳಿವೆಯಲ್ಲಿ ಸಿಕ್ಕ ಚಿಪ್ಪು ತಿಂದವರು ಅಸ್ವಸ್ಥರಾದರು, ಒಬ್ಬ ಹುಡುಗ ತೀರಿಕೊಂಡ. ಚಿಪ್ಪು ಅಂದರೆ ತುಳುವಿನಲ್ಲಿ ಮರುವಾಯಿ. ಅಲ್ಲಿಯವರ ಅಡುಗೆಮನೆಯಲ್ಲಿ ಅದು ನಮ್ಮ ಅವರೆಕಾಳಿನಷ್ಟು ಸಾಮಾನ್ಯ. ಮರುವಾಯಿ ನೀರನ್ನು ಸೋಸಿ ಊಟ ಮಾಡುವ ಪ್ರಾಣಿ, ನೀರಿನಲ್ಲಿ ವಿಷದ ಡೈನೊಫ್ಲಾಜೆಲೇಟ್ ಇದ್ದರೆ ವಿಷ ಅದರ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ತಿಂದವರಿಗೆ ತುಟಿ ಜೋಮು ಹಿಡಿಯುತ್ತದೆ, ಆಮೇಲೆ ಕೈಕಾಲು, ಕೊನೆಗೆ ಉಸಿರಾಟದ ಸ್ನಾಯು. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಕುಂಬಳೆಯದಕ್ಕೂ ಹೂಳೆತ್ತುವುದಕ್ಕೂ ನಾನು ಗಂಟು ಹಾಕುತ್ತಿಲ್ಲ, ದಯವಿಟ್ಟು ಹಾಗೆ ಕೇಳಿಸಿಕೊಳ್ಳಬೇಡಿ. ನಮ್ಮ ಕರಾವಳಿಯ ನೀರಿಗೆ ಈ ಕಳೆ ಹೊಸದಲ್ಲ, ಅಷ್ಟೇ ನನ್ನ ಮಾತು.

ಇನ್ನು ಸುರಿಯುವುದು ಎಷ್ಟು? ಹೂಳೆತ್ತುವ ಹಡಗಿಗೆ ಹಾಪರ್ ಡ್ರೆಡ್ಜರ್ ಅನ್ನುತ್ತಾರೆ. ನಮ್ಮ ದೇಶದಲ್ಲಿ ಕೆಲಸ ಮಾಡುವ ಇಂಥ ಡ್ರೆಡ್ಜರುಗಳಲ್ಲಿ 4,500 ಘನಮೀಟರ್ ಹಿಡಿಯುವುದೂ ಇದೆ, 7,400 ಹಿಡಿಯುವುದೂ ಇದೆ. ನಡುವೆ 5,500 ಅಂತ ಇಟ್ಟುಕೊಳ್ಳಿ. ಒಂದು ಟ್ರ್ಯಾಕ್ಟರ್ ಟ್ರೈಲರಿಗೆ 3 ಘನಮೀಟರ್ ಲೆಕ್ಕ ಹಾಕಿದರೆ 1,800ಕ್ಕೂ ಮೇಲೆ ಲೋಡು. ಆ ಹಡಗು ಆನೆಯ ಸೊಂಡಿಲಿನಂಥ ಕೊಳವೆಯನ್ನು ತಳಕ್ಕೆ ಬಿಟ್ಟು ಕೆಸರನ್ನು ಹೀರಿ ಹೊಟ್ಟೆಗೆ ತುಂಬಿಕೊಳ್ಳುತ್ತದೆ, ಗೊತ್ತು ಮಾಡಿದ ಜಾಗಕ್ಕೆ ಹೋಗಿ ಹೊಟ್ಟೆಯ ಕೆಳಗಿನ ಬಾಗಿಲು ತೆರೆಯುತ್ತದೆ. ಕೆಲವೇ ನಿಮಿಷ, ಅಷ್ಟೂ ಖಾಲಿ. ಮತ್ತೆ ಬಂದರಿಗೆ. ಹೀಗೆ ಹಗಲು ರಾತ್ರಿ, ವಾರಗಟ್ಟಲೆ. ನಾನು ಮೊದಲ ಸಲ ದೂರದಿಂದ ನೋಡಿದಾಗ ನನಗೆ ಕಂಡದ್ದು ಹಡಗು ಭಾರ ಇಳಿಸಿ ನೀರಿನಿಂದ ಮೇಲೆ ಎದ್ದದ್ದು ಮಾತ್ರ. ಅದರ ಹಿಂದೆ ನೀರು ಚಹಾಕ್ಕೆ ಹಾಲು ಬಿದ್ದ ಬಣ್ಣಕ್ಕೆ ತಿರುಗಲು ಇನ್ನೊಂದಿಷ್ಟು ಹೊತ್ತು ಬೇಕಾಯಿತು.

ಆ ಕೆಸರಿನ ಹೆಚ್ಚಿನ ಪಾಲು ಒಂದೇ ಮುದ್ದೆಯಾಗಿ ತಳಕ್ಕೆ ಇಳಿಯುತ್ತದೆ. ನೀರಿನಲ್ಲಿ ಉಳಿದು ತೇಲುವುದು ಸಣ್ಣ ಪಾಲು. ಆದರೆ ಬೆಳಕನ್ನು ಅಡ್ಡಗಟ್ಟುವುದು ಅದೇ ನಯವಾದ ಸಣ್ಣ ಪಾಲು. ಬೆಳಕಿಲ್ಲದೆ ಪಾಚಿಗೆ ಊಟವಿಲ್ಲ.

ಬೆಳಕು ಎಷ್ಟು ಆಳಕ್ಕೆ ಹೋಗುತ್ತದೆ ಅಂತ ನೋಡುವ ಉಪಕರಣ ಕೇಳಿದರೆ ನಗುತ್ತೀರಿ. ಒಂದು ಬಿಳಿ ತಟ್ಟೆ, ಒಂದು ಹಗ್ಗ. ಸೆಕ್ಕಿ ತಟ್ಟೆ ಅಂತ ಹೆಸರು. ಆಂಜೆಲೋ ಸೆಕ್ಕಿ ಅನ್ನುವ ಪಾದ್ರಿ, ಖಗೋಳ ವಿಜ್ಞಾನಿ, 1865ರ ಏಪ್ರಿಲ್‌ನಲ್ಲಿ ಪೋಪರ ಹಡಗಿನ ಮೇಲಿಂದ ಇದನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಬಿಟ್ಟ. ತಟ್ಟೆ ಇಳಿಯುತ್ತಾ ಇಳಿಯುತ್ತಾ ಕಣ್ಣಿಗೆ ಮರೆಯಾಗುವ ಆಳವನ್ನು ಬರೆದುಕೊಳ್ಳಬೇಕು. ನಾವು ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿಕೊಂಡಿದ್ದೆವು. ಜನವರಿಯಲ್ಲಿ ಐದಾರು ಗಂಟು ಇಳಿದರೂ ಹಾಲುಗಲ್ಲದ ಹಾಗೆ ಕಾಣುತ್ತಿದ್ದ ತಟ್ಟೆ, ಮಳೆ ಮುಗಿದ ಹೊಸತರಲ್ಲಿ ಎರಡನೇ ಗಂಟಿಗೇ ಮಾಯ. ಅಲ್ಲಿ ಇನ್ನೂ ಯಾರೂ ಏನೂ ಸುರಿದಿರಲಿಲ್ಲ ಅನ್ನುವುದನ್ನು ಗಮನಿಸಿ. ಈ ಮಾತಿಗೆ ಮತ್ತೆ ಬರುತ್ತೇನೆ.

ನೀರು ತೆಗೆಯುವುದು ಹೀಗೆ. ಬಾಡಿಗೆಗೆ ಹಿಡಿದ ಮೀನುಗಾರಿಕೆ ದೋಣಿ, ಅದನ್ನು ನಡೆಸುವ ತಾಂಡೇಲ, ಇಬ್ಬರು ಹುಡುಗರು, ನಾನು. ಎರಡೂ ಬದಿ ತೆರೆದ ಪ್ಲಾಸ್ಟಿಕ್ ಕೊಳವೆಯನ್ನು ಹಗ್ಗಕ್ಕೆ ಕಟ್ಟಿ ಬೇಕಾದ ಆಳಕ್ಕೆ ಬಿಡುತ್ತೇವೆ. ಮೇಲಿಂದ ಒಂದು ಹಿತ್ತಾಳೆಯ ಗುಂಡು ಹಗ್ಗದ ಗುಂಟ ಜಾರಿ ಹೋಗಿ ಟಣ್ ಅಂತ ಹೊಡೆದರೆ ಎರಡೂ ಮುಚ್ಚಳ ಬೀಳುತ್ತವೆ. ಆ ಟಣ್ ಕಿವಿಗೆ ಕೇಳುವುದಿಲ್ಲ, ಹಗ್ಗ ಹಿಡಿದ ಅಂಗೈಗೆ ಗೊತ್ತಾಗುತ್ತದೆ. ಮೇಲಿನ ನೀರು ಒಂದು ಬಾಟಲಿ, ತಳದ ನೀರು ಒಂದು ಬಾಟಲಿ. ಎರಡಕ್ಕೂ ಲುಗಾಲ್ ದ್ರಾವಣ ಹಾಕಬೇಕು. ಅಯೋಡಿನ್ನಿನದು ಅದು, ಗಾಯಕ್ಕೆ ಹಚ್ಚುವ ಟಿಂಚರಿನ ದಾಯಾದಿ. ನೀರು ತೆಳು ಟೀ ಬಣ್ಣಕ್ಕೆ ಬರುವಷ್ಟು ಹಾಕಿದರೆ ಪಾಚಿ ಇದ್ದ ಹಾಗೇ ನಿಲ್ಲುತ್ತದೆ, ಭಾರವಾಗಿ ತಳಕ್ಕೂ ಇಳಿಯುತ್ತದೆ.

ಈ ಟೀ ಬಣ್ಣದ ವಿಷಯದಲ್ಲಿ ನಾನು ಒಮ್ಮೆ ಬುದ್ಧಿ ಕಲಿತೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಮೂರು ಸ್ಟೇಷನ್ನಿನ, ಅಂದರೆ ಕಡಲಿನಲ್ಲಿ ನೀರು ತೆಗೆಯಲು ಗೊತ್ತು ಮಾಡಿದ ಮೂರು ಜಾಗದ, ಬಾಟಲಿಗಳನ್ನು ಬಾಡಿಗೆ ರೂಮಿನ ಕಿಟಕಿಯ ಹಲಗೆಯ ಮೇಲೆ ಇಟ್ಟು ಊರಿಗೆ ಹಬ್ಬಕ್ಕೆ ಬಂದೆ. ತಿಳಿ ಪ್ಲಾಸ್ಟಿಕ್ ಬಾಟಲಿ, ಬಿಸಿಲು ಬೀಳುವ ಕಿಟಕಿ. ಹಿಂದಿರುಗಿ ನೋಡಿದರೆ ಟೀ ಹೋಗಿ ಬರೀ ನೀರು. ಬೆಳಕಿಗೆ ಅಯೋಡಿನ್ ಕಳೆದುಹೋಗಿ ಒಳಗಿನದೆಲ್ಲ ಕೊಳೆತಿತ್ತು. ಮುಚ್ಚಳ ತೆಗೆದಾಗ ಬಂದ ವಾಸನೆ ಇವತ್ತೂ ಮೂಗಿನಲ್ಲಿದೆ. ಎರಡು ದಿನದ ದೋಣಿ ಬಾಡಿಗೆ, ಡೀಸೆಲ್, ನನ್ನ ವಾಂತಿ ಎಲ್ಲ ನೀರುಪಾಲು. ಅಂದಿನಿಂದ ಕಂದು ಗಾಜಿನ ಬಾಟಲಿ, ಕತ್ತಲೆ ಪೆಟ್ಟಿಗೆ, ಮತ್ತು ಬಣ್ಣ ತೆಳುವಾದಾಗಲೆಲ್ಲ ಇನ್ನೆರಡು ಹನಿ.

ಲ್ಯಾಬಿಗೆ ಬಂದ ಮೇಲೆ ಒಂದು ಲೀಟರ್ ನೀರನ್ನು ಒಂದೆರಡು ದಿನ ಅಲುಗಿಸದೆ ಇಟ್ಟು, ಮೇಲಿನ ತಿಳಿಯನ್ನು ನಾಜೂಕಾಗಿ ಹೀರಿ ತೆಗೆದು, ಕೊನೆಗೆ 10 ಮಿಲಿಲೀಟರ್ ಉಳಿಸಿಕೊಳ್ಳುತ್ತೇವೆ. ಅದರಲ್ಲಿ ಒಂದು ಮಿಲಿಲೀಟರನ್ನು ಸೆಡ್ಜ್‌ವಿಕ್ ರಾಫ್ಟರ್ ಅನ್ನುವ ಗಾಜಿನ ತೊಟ್ಟಿಗೆ ಹಾಕಬೇಕು. ಐದು ಸೆಂಟಿಮೀಟರ್ ಉದ್ದ, ಎರಡು ಅಗಲ, ಒಂದು ಮಿಲಿಮೀಟರ್ ಆಳ. ತಳದಲ್ಲಿ 1,000 ಚೌಕ. ಮೇಲಿನ ಗಾಜನ್ನು ಮೊದಲು ಅಡ್ಡಕ್ಕೆ ಇಟ್ಟು, ಮೂಲೆಯಿಂದ ನೀರು ಬಿಟ್ಟು, ಆಮೇಲೆ ಮೆಲ್ಲಗೆ ತಿರುಗಿಸಿ ಮುಚ್ಚಬೇಕು. ಗಾಳಿಗುಳ್ಳೆ ಸೇರಿತೋ ಮತ್ತೆ ಮೊದಲಿಂದ. ಈಗ ಎಣಿಕೆ. 100 ಚೌಕದಲ್ಲಿ 37 ಸಿಕ್ಕಿತು ಅನ್ನಿ. 1,000 ಚೌಕಕ್ಕೆ 370, ಹತ್ತು ಮಿಲಿಲೀಟರಿಗೆ 3,700. ಲೀಟರಿಗೆ 3,700 ಜೀವಕೋಶ ಅಂತ ಟೇಬಲ್ಲಿಗೆ ಹೋಗುತ್ತದೆ. ಅಚ್ಚಾದ ಮೇಲೆ 3,700 ಅನ್ನುವುದು ಬಹಳ ಘನವಾಗಿ ಕಾಣುತ್ತದೆ. ನಾನು ಕಣ್ಣಾರೆ ಕಂಡದ್ದು 37 ಮಾತ್ರ. ಪಕ್ಕದ 100 ಚೌಕದಲ್ಲಿ 30 ಇರಬಹುದಿತ್ತು, 44 ಇರಬಹುದಿತ್ತು. ನೂರಕ್ಕೆ ಹತ್ತರ ಆಚೀಚೆಯಷ್ಟು ನಂಬಿಕೆ ಬೇಕಾದರೆ ಸುಮಾರು 400 ಎಣಿಸಬೇಕು. ಹೊರಗೆ ಆಟೋ ಕಾಯುತ್ತಿರುತ್ತದೆ, ನಾಳೆ ವರದಿ ಕೊಡಬೇಕಿರುತ್ತದೆ. ಯಾರು ಎಣಿಸುತ್ತಾರೆ?

ಒಬ್ಬ ಹುಡುಗಿ ಕೇಳಿದಳು, "ಮೇಡಂ, ಹೂಳು ಸುರಿದ ಮೇಲೆ ಎಣಿಸಿದರೆ ಕಡಿಮೆ ಆಗಿರುತ್ತಾ?"

ಪುಟ್ಟಿ, ತಮಾಷೆ ಇರುವುದೇ ಅಲ್ಲಿ. ಒಂದೊಂದು ಸಲ ಜಾಸ್ತಿ ಆಗಿರುತ್ತದೆ! ತಳದ ಕೆಸರಿನಲ್ಲೇ ಬದುಕುವ ಡಯಾಟಂಗಳಿವೆ. ನಾವಿಕ್ಯುಲಾ ಅಂತ, ಹೆಸರಿಗೆ ತಕ್ಕಂತೆ ದೋಣಿಯ ಆಕಾರ. ಪ್ಲೂರೋಸಿಗ್ಮಾ ಅಂತ, ಮೈ ಒಂಚೂರು ತಿರುಚಿದ ಹಾಗೆ. ಕೆಸರು ಕಲಕಿದಾಗ ಇವೆಲ್ಲ ಮೇಲೆ ಬಂದು ನನ್ನ ಬಾಟಲಿಗೆ ಬೀಳುತ್ತವೆ. ಮುಂಚೆ 15 ಜಾತಿ ಇದ್ದ ಕಡೆ 22 ಸಿಗುತ್ತದೆ. ವೈವಿಧ್ಯದ ಸೂಚ್ಯಂಕ ಮೇಲೇರುತ್ತದೆ. ಗೊತ್ತಿಲ್ಲದವರು ನೋಡಿದರೆ "ಹೂಳು ಸುರಿದ ನಂತರ ಜೀವವೈವಿಧ್ಯ ಹೆಚ್ಚಿದೆ" ಅಂತ ಬರೆಯುತ್ತಾರೆ. ಮನೆ ಕೆಡವಿದಾಗ ಬಿಲದಲ್ಲಿದ್ದ ಹಾವು ಚೇಳೆಲ್ಲ ಹೊರಬಂದದ್ದನ್ನು ನೋಡಿ ಊರಿನ ಜನಸಂಖ್ಯೆ ಹೆಚ್ಚಿತು ಅಂದ ಹಾಗೆ. ಇನ್ನೂ ಒಂದಿದೆ. ಡಯಾಟಂ ಸತ್ತರೂ ಅದರ ಗಾಜಿನ ಚಿಪ್ಪು ಕರಗದೆ ಕೆಸರಿನಲ್ಲಿ ಉಳಿಯುತ್ತದೆ. ಒಳಗೆ ಜೀವದ್ರವ್ಯ ಇದೆಯೋ ಇಲ್ಲವೋ ನೋಡದೆ ಎಣಿಸುತ್ತಾ ಹೋದರೆ ಖಾಲಿ ಮನೆಗಳ ಜನಗಣತಿಯಾಗುತ್ತದೆ. ಹೀಗಾಗಿಯೇ ಕ್ಲೋರೊಫಿಲ್ಲನ್ನೂ ಬೇರೆಯಾಗಿ ಅಳೆಯುವುದು: ನೀರನ್ನು ಗಾಜುನಾರಿನ ಫಿಲ್ಟರಿನಲ್ಲಿ ಸೋಸಿ, ಫಿಲ್ಟರನ್ನು ಅಸಿಟೋನಿನಲ್ಲಿ ಕತ್ತಲೆಯಲ್ಲಿ ನೆನೆಹಾಕಿ, ಇಳಿದ ಹಸಿರನ್ನು ಯಂತ್ರಕ್ಕೆ ಕೊಡುವುದು. ಖಾಲಿ ಚಿಪ್ಪಿನಲ್ಲಿ ಹಸಿರು ಇರುವುದಿಲ್ಲ.

ಈಗ ನಾನು ನಿಜವಾಗಿ ಹೇಳಬೇಕಾದ ಮಾತು. "ಸುರಿಯುವ ಮುನ್ನ" ಅನ್ನುತ್ತೇವಲ್ಲ, ಯಾವ ಮುನ್ನ?

ನಮ್ಮ ಪಶ್ಚಿಮ ಕರಾವಳಿಯ ಪಾಚಿಗೆ ಮಳೆಗಾಲವೇ ಸುಗ್ಗಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೀಸುವ ಗಾಳಿಯಿಂದ ಮೇಲ್ಪದರದ ನೀರು ಸರಿದು, ಕೆಳಗಿನ ತಣ್ಣನೆಯ, ಸಾರ ತುಂಬಿದ ನೀರು ಮೇಲಕ್ಕೆ ಬರುತ್ತದೆ. ನದಿಗಳೂ ಘಟ್ಟದ ಮಣ್ಣು ತಂದು ಸುರಿಯುತ್ತವೆ. ಡಯಾಟಂ ದಿನಕ್ಕೊಮ್ಮೆ ಎರಡಾಗಬಲ್ಲದು, ಸಂದರ್ಭ ಸಿಕ್ಕರೆ ಬಿಡುತ್ತದೆಯೇ. ಮಳೆ ಹೋದ ಮೇಲೆ ಇಳಿಮುಖ. ಫೆಬ್ರವರಿಯಿಂದ ಮೇ ನಡುವೆ ಟ್ರೈಕೋಡೆಸ್ಮಿಯಂ ಅನ್ನುವ ನೀಲಿಹಸಿರು ಪಾಚಿ ಬರುತ್ತದೆ. ಶಾಂತ ನೀರಿನ ಮೇಲೆ ಮರದ ಹುಡಿ ಚೆಲ್ಲಿದ ಹಾಗೆ ಮೈಲುಗಟ್ಟಲೆ ಪಟ್ಟೆ. ಇಷ್ಟೂ ಯಾರೂ ಏನೂ ಸುರಿಯದೆ ತನ್ನ ಪಾಡಿಗೆ ನಡೆಯುವ ವರ್ಷಚಕ್ರ.

ಈಗ ಲೆಕ್ಕ ಮಾಡಿ. ಜನವರಿಯಲ್ಲಿ ಹೋಗಿ ಎಣಿಸಿದೆ, ಕಡಿಮೆ ಬಂತು. ಹೂಳು ಸುರಿದರು. ಮುಂದಿನ ಸೆಪ್ಟೆಂಬರಿನಲ್ಲಿ ಎಣಿಸಿದೆ, ಹತ್ತು ಪಟ್ಟು. ಹೂಳಿನಿಂದ ಸಮುದ್ರ ಸಮೃದ್ಧವಾಯಿತು! ಅದರ ಬದಲು ಮಾರ್ಚಿನಲ್ಲಿ ಟ್ರೈಕೋಡೆಸ್ಮಿಯಂ ಪಟ್ಟೆಯ ನಡುವೆಯೇ ಬಾಟಲಿ ಬಿಟ್ಟೆ, ಲಕ್ಷಗಟ್ಟಲೆ ಬಂತು. ನವೆಂಬರಿನಲ್ಲಿ ನೋಡಿದರೆ ಸಾವಿರಕ್ಕೆ ಇಳಿದಿದೆ. ಹೂಳಿನಿಂದ ಸಮುದ್ರ ಸತ್ತಿತು! ಎರಡೂ ಸುಳ್ಳು. ಎರಡರಲ್ಲೂ ನನ್ನ ಎಣಿಕೆ ಮಾತ್ರ ಅಪ್ಪಟ ಸತ್ಯ.

ಆದರೆ ಪರಿಸರ ವರದಿಗಳಿಗೆ ನಮ್ಮಲ್ಲಿ ನಡೆದುಬಂದ ಅಳತೆ "ಮಳೆಗಾಲ ಬಿಟ್ಟು ಒಂದು ಋತು". ಚಿಮಣಿಯ ಧೂಳು ಅಳೆಯುವವರಿಗೆ ಇದು ಸರಿ, ಮಳೆಯಲ್ಲಿ ಧೂಳು ತೊಳೆದುಹೋಗುತ್ತದೆ, ಅಳೆದು ಪ್ರಯೋಜನವಿಲ್ಲ. ಅದೇ ಅಳತೆಯನ್ನು ಕಡಲಿಗೂ ಹೊಲಿದರೆ? ಸುಗ್ಗಿಯ ಕಣ ನೋಡದೆ ರೈತನ ವರ್ಷದ ಆದಾಯ ಬರೆದ ಹಾಗೆ. ನಾನು ಕೆಲಸ ಮಾಡಿದ ಒಂದು ಕಡೆ, ಯಾವ ಬಂದರು ಯಾವ ಸಂಸ್ಥೆ ಅಂತ ಹೇಳುವುದಿಲ್ಲ, ಮಳೆಗಾಲದಲ್ಲೂ ನೀರು ತೆಗೆಯಬೇಕು ಅಂತ ಪತ್ರ ಬರೆದೆ. "ಒಪ್ಪಂದದಲ್ಲಿ ಇಲ್ಲ" ಅಂತ ಒಂದೇ ಸಾಲಿನ ಉತ್ತರ ಬಂತು. ಅವರ ಕಷ್ಟವೂ ಇದೆ ಅನ್ನಿ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳು ಮೀನಿಗೆ ಇಳಿಯುವಂತಿಲ್ಲ, ಎಲ್ಲ ದಡದಲ್ಲಿ ಕಟ್ಟಿರುತ್ತವೆ. ಕಡಲೂ ಹುಡುಗಾಟಕ್ಕೆ ಬಿಡುವಂಥದ್ದಲ್ಲ.

ಎರಡನೆಯದು, ಹೋಲಿಕೆಯ ಜಾಗ. ಇಲ್ಲಿನ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೆ ಹೋಗಿಬಂದವರಿಗೆ ಇದನ್ನು ವಿವರಿಸಬೇಕಿಲ್ಲ. ಹೊಸ ಗೊಬ್ಬರ ಹಾಕಿದ ತಾಕಿನ ಪಕ್ಕ ಹಾಕದ ತಾಕು ಒಂದು ಇರುತ್ತದೆ. ಅದಿಲ್ಲದೆ, ಬೆಳೆ ಬಂದದ್ದು ಗೊಬ್ಬರದಿಂದಲೋ ಆ ವರ್ಷದ ಮಳೆಯಿಂದಲೋ ಹೇಗೆ ಹೇಳುತ್ತೀರಿ? ಕಡಲಿನಲ್ಲೂ ಹೂಳು ಸುರಿಯುವ ಜಾಗ, ಸುರಿಯದ ಜಾಗ, ಎರಡನ್ನೂ ಮುಂಚೆಯೂ ಆಮೇಲೂ ನೋಡಬೇಕು. ಆದರೆ ಕಡಲಿಗೆ ಬದು ಇಲ್ಲ. ನಮ್ಮ ಕರಾವಳಿಯ ಪ್ರವಾಹ ಮಳೆಗಾಲದಲ್ಲಿ ತೆಂಕಣಕ್ಕೆ ಹರಿದರೆ ಚಳಿಗಾಲದಲ್ಲಿ ಬಡಗಣಕ್ಕೆ ತಿರುಗುತ್ತದೆ. ಡಂಪಿಂಗ್ ಜಾಗದ ಉತ್ತರಕ್ಕೆ ಆಗಸ್ಟಿನಲ್ಲಿ ಇಟ್ಟುಕೊಂಡ ಹೋಲಿಕೆಯ ಸ್ಟೇಷನ್ ಡಿಸೆಂಬರಿಗೆ ಹೂಳಿನ ದಾರಿಯಲ್ಲೇ ಬಿದ್ದಿರುತ್ತದೆ. ಹಾಗಾಗಿ ಎರಡು ದಿಕ್ಕಿಗೂ ಬೇಕು, ಒಂದಕ್ಕಿಂತ ಹೆಚ್ಚು ಬೇಕು. ದುಡ್ಡು ಕೊಡುವವರಿಗೆ ಅತಿ ಕಷ್ಟವಾಗಿ ಅರ್ಥವಾಗುವುದು ಇದೇ. "ಹೂಳೇ ಸುರಿಯದ ಕಡೆ ನೀರು ಯಾಕ್ರೀ ತೆಗೀಬೇಕು?"

ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಪಾಚಿಯವಳು, ನನ್ನ ಪಾಚಿಯೇ ದೊಡ್ಡದು ಅನ್ನುವ ಆಸೆ ನನಗಿದೆ. ಆದರೆ ಒಂದು ಸಲ ಸುರಿದ ಹೂಳಿನಿಂದ ಅತಿ ಹೆಚ್ಚು ಪೆಟ್ಟು ತಿನ್ನುವುದು ಪಾಚಿಯಲ್ಲ. ತಳದಲ್ಲಿ ಬದುಕುವ ಹುಳ, ಚಿಪ್ಪು, ಏಡಿ. ಅವು ಹೂತುಹೋಗುತ್ತವೆ, ಮತ್ತೆ ಬರಲು ತಿಂಗಳುಗಳೋ ವರ್ಷಗಳೋ ಬೇಕು. ಪಾಚಿ ನೀರಿನ ಜೊತೆ ಸರಿದು ಹೋಗುತ್ತದೆ, ಹೊಸ ನೀರು ಬರುತ್ತದೆ, ಕೆಲವು ದಿನಗಳಲ್ಲಿ ಲೆಕ್ಕ ಹಳೆಯದಕ್ಕೆ ಬರಬಹುದು. ಇದನ್ನೇ ಹಿಡಿದು "ಪಾಚಿ ಎಣಿಸುವುದು ದಂಡ" ಅನ್ನುವವರೂ ಇದ್ದಾರೆ. ನನ್ನ ಉತ್ತರ ಇಷ್ಟೇ: ಒಂದು ಲೋಡಿಗೆ ಆ ಮಾತು ನಿಜ, ವಾರಗಟ್ಟಲೆ ಬಿಡದೆ ಸುರಿಯುವಾಗ ಅಲ್ಲ. ಕಳೆ ಬೀಜದ ವಿಷಯಕ್ಕಂತೂ ಅಲ್ಲವೇ ಅಲ್ಲ.

ಕೊನೆಗೆ ಟವೆಲಿನ ಯಜಮಾನರೇ ಮತ್ತೆ ಎದ್ದರು. "ಹಂಗಾರೆ ಮಳೆಗಾಲದಲ್ಲಿ ಯಾರೂ ನೋಡ್ನೇ ಇಲ್ವಾ?"

ಒಮ್ಮೆ ನೋಡಿದೆವು. ಆಗಸ್ಟಿನ ಮೊದಲ ವಾರ, ಮೂರು ದಿನ ಮಳೆ ಹೊಳವಾಗಿತ್ತು. ನಮ್ಮ ತಾಂಡೇಲರನ್ನು ಕೇಳಿದರೆ "ಎಂತ ಮಾರಾಯ್ರೆ, ಜೀವಕ್ಕಿಂತ ನೀರು ಹೆಚ್ಚಾಯ್ತಾ ನಿಮಗೆ" ಅಂದರು. ಮರುದಿನ ಬೆಳಗ್ಗೆ ಅವರೇ ಫೋನ್ ಮಾಡಿ ಪರಿಚಯದವರ ನಾಡದೋಣಿ ಒಂದು ಇಳಿಯುತ್ತಿದೆ, ಬರುವುದಾದರೆ ಈಗಲೇ ಬನ್ನಿ ಅಂದರು. ಹೋದೆ. ಹತ್ತು ಸ್ಟೇಷನ್ನಿನಲ್ಲಿ ಎರಡು ಮುಗಿಸುವಷ್ಟರಲ್ಲಿ ಪಡುವಣ ಕಪ್ಪಾಯಿತು, ತಿರುಗಿ ಬಂದೆವು. ಸಂಜೆ ಲ್ಯಾಬಿನಲ್ಲಿ ಆ ನೀರನ್ನು ಸೋಸಲು ಇಟ್ಟೆ. ಫೆಬ್ರವರಿಯಲ್ಲಿ ಎರಡು ಲೀಟರ್ ಸೋಸಿದರೂ ಫಿಲ್ಟರಿನ ಮೇಲೆ ತಿಳಿ ಹಸಿರು ಛಾಯೆ ಅಷ್ಟೇ ಇರುತ್ತಿತ್ತು. ಈಗ 300 ಮಿಲಿಲೀಟರಿಗೆ ಫಿಲ್ಟರ್ ಕಟ್ಟಿಕೊಂಡು ನಿಂತಿತು. ಮೇಲೆ ಕೊಬ್ಬರಿ ಮಿಠಾಯಿಯಷ್ಟು ದಪ್ಪಕ್ಕೆ, ಅಂದರೆ ಉತ್ಪ್ರೇಕ್ಷೆ, ಬೆರಳಿಗೆ ಅಂಟುವಷ್ಟು ದಪ್ಪಕ್ಕೆ, ಕಂದುಹಸಿರು ಕೆನೆ.

ಎರಡೇ ಸ್ಟೇಷನ್ನಿನ ಮಾಹಿತಿಯನ್ನು ವರದಿಗೆ ಸೇರಿಸಲು ಬರುವುದಿಲ್ಲ ಅಂತ ಕೆಲಸ ಕೊಟ್ಟವರು ಅಂದರು. ಅದೂ ಒಂದು ರೀತಿಯಲ್ಲಿ ಸರಿಯೇ. ವರದಿ ಅಚ್ಚಾದಾಗ ಟೇಬಲ್ಲಿನ ಮಳೆಗಾಲದ ಕಾಲಂನಲ್ಲಿ ಒಂದು ಅಡ್ಡಗೆರೆ ಇತ್ತು. ಡ್ರೆಡ್ಜರ್ ಹೇಳಿದ ದಿನಕ್ಕೆ ಬಂತು.

ಆ ಎರಡು ಬಾಟಲಿ ಈಗ ಮೈಸೂರಿನಲ್ಲಿ ನಮ್ಮ ಮನೆಯ ಅಟ್ಟದ ಮೇಲೆ, ಕತ್ತಲೆ ಪೆಟ್ಟಿಗೆಯಲ್ಲಿವೆ. ಮೂರು ತಿಂಗಳಿಗೊಮ್ಮೆ ತೆಗೆದು ಬಣ್ಣ ನೋಡುತ್ತೇನೆ. ತೆಳುವಾಗಿದ್ದರೆ ಇನ್ನೆರಡು ಹನಿ ಲುಗಾಲ್ ಹಾಕಿ ಮುಚ್ಚಿಡುತ್ತೇನೆ.